ಇ-ರೀಡರ್‌ಗೆ ವೈಫೈ ಹತ್ತುತ್ತಿಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ನಮ್ಮ ಓಣಿಯಲ್ಲಿ ಏಳೆಂಟು ಮನೆಗಳಲ್ಲಿ ಇ-ರೀಡರ್, ಅಂದರೆ ಪರದೆಯ ಮೇಲೆ ಪುಸ್ತಕ ಓದುವ ಸಾಧನ, ಇದೆ. ಹೆಚ್ಚಿನವು ಹಿರಿಯರ ಕೈಯಲ್ಲಿವೆ. ಅಕ್ಷರ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು, ಫೋನಿನ ಹಾಗೆ ಕಣ್ಣು ಕುಕ್ಕುವುದಿಲ್ಲ, ಕೈಗೆ ಭಾರವೂ ಅಲ್ಲ. ಕಣ್ಣಿನ ಪೊರೆಯ ಆಪರೇಶನ್ ಆದ ಮೇಲೆ ನಮ್ಮ ಅವ್ವ ಮತ್ತೆ ಓದಲು ಶುರು ಮಾಡಿದ್ದೇ ಇದರಿಂದ. ಹಾಗಾಗಿ ಇದು ನಿಂತರೆ ನಮ್ಮ ಮನೆಯಲ್ಲಿ ಸಣ್ಣ ಮಾತಲ್ಲ.

ನಿಲ್ಲುವುದು ಮಾತ್ರ ಹೆಚ್ಚಾಗಿ ಒಂದೇ ಕಡೆ. ಅದು ವೈಫೈ. "ತಮ್ಮಾ, ಫೋನ್‌ನ್ಯಾಗ ನೆಟ್ ಚಲೋ ಐತಿ. ಈ ಪುಸ್ತಕದ ಮಷಿನ್‌ಗೆ ಅಷ್ಟ ಹತ್ತವಲ್ದು" ಅಂತ ಪಕ್ಕದ ಮನೆಯ ಕಾಕಾ ಕರೆಯುತ್ತಾರೆ. ಆಮೇಲೆ ಹುಬ್ಬಳ್ಳಿಯಿಂದ ವೈನಿ ಫೋನ್ ಮಾಡುತ್ತಾರೆ. ಗದಗಿನಿಂದ ಮಾಮಾ. ಇವರಿಗೆಲ್ಲ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಮ್ಮಲ್ಲಿ ಇರುವವು ಬಹುತೇಕ ಅಮೆಜಾನ್‌ನ ಕಿಂಡಲ್, ಆದ್ದರಿಂದ ಮೆನುವಿನ ಹೆಸರುಗಳು ಕಿಂಡಲ್‌ನವು. ಕೋಬೋ ಅಥವಾ ಬೇರೆ ರೀಡರ್ ಇದ್ದವರಿಗೆ ಹೆಸರು ಬೇರೆ ಇರಬಹುದು, ದಾರಿ ಹೆಚ್ಚು ಕಡಿಮೆ ಇದೇ.

ಒಂದು ಮಾತು ಮೊದಲೇ ಹೇಳುತ್ತೇನೆ. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ರೀಡರ್ ಕೆಟ್ಟಿರಲಿಲ್ಲ. ರೂಟರ್ ಹೊಸದು ಬಂದಿತ್ತು, ರೀಡರ್ ಹಳೆಯದೇ ಇತ್ತು. ಅವೆರಡರ ನಡುವೆ ಹೊಂದಾಣಿಕೆ ಆಗಬೇಕಿತ್ತು, ಅಷ್ಟೇ.

ಫೋನ್‌ಗೆ ವೈಫೈ ಸಿಗುತ್ತದೆ, ಟಿವಿಗೂ ಸಿಗುತ್ತದೆ. ರೀಡರ್‌ಗೆ ಮಾತ್ರ ಯಾಕೆ ಇಲ್ಲ?

ನನಗೆ ಬರುವ ಹತ್ತು ಫೋನ್‌ಗಳಲ್ಲಿ ಐದಾರು ಇದೇ ಪ್ರಶ್ನೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈಗಿನ ರೂಟರ್‌ಗಳು ಎರಡು ಅಲೆಗಳಲ್ಲಿ ವೈಫೈ ಕೊಡುತ್ತವೆ. ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್. 2.4 ನಿಧಾನ, ಆದರೆ ದೂರ ಹೋಗುತ್ತದೆ, ಗೋಡೆ ದಾಟುತ್ತದೆ. 5 ಜೋರು, ಆದರೆ ಎರಡು ಗೋಡೆ ಅಡ್ಡ ಬಂದರೆ ಸೊರಗುತ್ತದೆ. ಫೋನ್ ಮತ್ತು ಟಿವಿಗೆ ಎರಡೂ ಗೊತ್ತು. ಹಳೆಯ ಕಿಂಡಲ್‌ಗಳಿಗೆ 2.4 ಒಂದೇ ಗೊತ್ತು. 5ರಲ್ಲಿ ಬರುವ ವೈಫೈ ಅವುಗಳ ಪಾಲಿಗೆ ಇಲ್ಲವೇ ಇಲ್ಲ.

ಮೊದಲು ರೂಟರ್‌ಗಳು ಎರಡಕ್ಕೂ ಬೇರೆ ಬೇರೆ ಹೆಸರು ಇಡುತ್ತಿದ್ದವು. ಈಗ ಜಾಸ್ತಿ ಮನೆಗಳಲ್ಲಿ ಒಂದೇ ಹೆಸರು. ಯಾವ ಸಾಧನ ಯಾವ ಅಲೆಗೆ ಹೋಗಬೇಕು ಅಂತ ರೂಟರ್ ತಾನೇ ನಡುವೆ ಬಂದು ತೀರ್ಮಾನ ಮಾಡುತ್ತದೆ. ಫೋನಿಗೆ ಇದರಿಂದ ಅನುಕೂಲ. ಹಳೆಯ ರೀಡರ್‌ಗೆ ಮಾತ್ರ ಗೊಂದಲ. ಹೆಸರು ಕಾಣುತ್ತದೆ, ಸೇರಲು ಹೋಗುತ್ತದೆ, ರೂಟರ್ "ಆ ಕಡೆ ಹೋಗು" ಅನ್ನುತ್ತದೆ, ಆ ಕಡೆ ಹೋಗಲು ಇದಕ್ಕೆ ಬರುವುದಿಲ್ಲ.

ಪರಿಹಾರ ಸುಲಭ. ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಈ ಜೋಡಣೆಯನ್ನು ಬಿಡಿಸಿ, 2.4ಕ್ಕೆ ಬೇರೆ ಹೆಸರು ಕೊಡಬೇಕು. ನಮ್ಮ ಮನೆಯಲ್ಲಿ ಅದಕ್ಕೆ 'ಅವ್ವ' ಅಂತಲೇ ಹೆಸರು, ಇಂಗ್ಲಿಷ್ ಅಕ್ಷರಗಳಲ್ಲಿ. ರೀಡರ್ ಅದಕ್ಕೆ ಮಾತ್ರ ಸೇರುತ್ತದೆ. ಹೆಸರು ಬೇರೆ ಮಾಡಿದ ದಿನದಿಂದ ಈ ಒಂದು ತೊಂದರೆ ಮತ್ತೆ ಬಂದಿಲ್ಲ.

ನನ್ನ ರೀಡರ್‌ಗೆ 5 ಗೊತ್ತಿದೆಯೋ ಇಲ್ಲವೋ, ತಿಳಿಯುವುದು ಹೇಗೆ?

ಚಾರ್ಜಿಂಗ್ ತೂತು ನೋಡಿ. 2021ರ ಪೇಪರ್‌ವೈಟ್ ಮತ್ತು 2022ರ ಸಾದಾ ಕಿಂಡಲ್ ಟೈಪ್-ಸಿ ತೂತಿನವು, ಅವು ಎರಡೂ ಅಲೆ ಹಿಡಿಯುತ್ತವೆ. ಹಳೆಯ ಮೈಕ್ರೋ ಯುಎಸ್‌ಬಿ ತೂತು ಇದ್ದರೆ 2.4 ಮಾತ್ರ ಅಂತಲೇ ಇಟ್ಟುಕೊಂಡು ಮುಂದುವರಿಯಿರಿ.

ರೂಟರ್ ಸೆಟ್ಟಿಂಗ್ಸ್ ಮುಟ್ಟಲು ಭಯ. ನೆಟ್ ಹಾಕಿದವರಿಗೆ ಏನಂತ ಹೇಳಬೇಕು?

ಭಯ ಪಡಬೇಕಾಗಿಲ್ಲ, ಆದರೆ ಹೇಳಿ ಮಾಡಿಸುವುದೂ ಒಳ್ಳೆಯದೇ. ಸುಮ್ನೆ "ನೆಟ್ ಬರ್ತಾ ಇಲ್ಲ" ಅಂದರೆ ಅವರು ಬಂದು, ಫೋನಿನಲ್ಲಿ ಸ್ಪೀಡ್ ನೋಡಿ, "ಚಲೋ ಐತಲ್ರೀ" ಅಂತ ಹೋಗುತ್ತಾರೆ. ಅವರ ತಪ್ಪಲ್ಲ, ಫೋನಿನಲ್ಲಿ ನಿಜವಾಗಿಯೂ ಚೆನ್ನಾಗಿಯೇ ಇರುತ್ತದೆ. ಅದಕ್ಕೇ ಕೇಳುವುದನ್ನು ಸರಿಯಾಗಿ ಕೇಳಬೇಕು. ನಾನು ಕಾಕಾಗೆ ಒಂದು ಚೀಟಿಯಲ್ಲಿ ಬರೆದುಕೊಟ್ಟದ್ದು ಹೀಗಿತ್ತು:

"ಅಣ್ಣಾರ, 2.4ಕ್ಕ ಬ್ಯಾರೆ ಹೆಸರು ಇಟ್ಟು ಕೊಡ್ರಿ. ಸೆಕ್ಯುರಿಟಿ ಡಬ್ಲ್ಯುಪಿಎ2 ಇಡ್ರಿ, ಬರೀ ಡಬ್ಲ್ಯುಪಿಎ3 ಬ್ಯಾಡ. ಚಾನೆಲ್ ಆಟೋ ಬ್ಯಾಡ, 1, 6, ಇಲ್ಲಾ 11 ಇಡ್ರಿ. ಮೋಡ್ ಬಿ-ಜಿ-ಎನ್ ಇರ್ಲಿ. ಚಾನೆಲ್ ಅಗಲ 20 ಸಾಕು."

ಡಬ್ಲ್ಯುಪಿಎ ಮತ್ತು ಚಾನೆಲ್ ಅಂದರೆ ಏನು ಅಂತ ಕೆಳಗೆ ಹೇಳಿದ್ದೇನೆ. ಬಿ-ಜಿ-ಎನ್ ಅಂದರೆ ಹಳೆಯ ಸಾಧನಗಳಿಗೂ ತಿಳಿಯುವ ವೈಫೈ ನಮೂನೆಗಳು, 20 ಅಂದರೆ 20 ಮೆಗಾಹರ್ಟ್ಸ್. ಈ ಐದು ಮಾತು ಕೇಳಿದರೆ ಕೆಲಸ ಗೊತ್ತಿದ್ದವರಿಗೆ ಐದು ನಿಮಿಷದ ಕೆಲಸ. ತಾವೇ ಮಾಡುವವರು ರೂಟರ್ ತಳದ ಸ್ಟಿಕರ್ ನೋಡಿ. ಅಲ್ಲಿ 192.168.1.1 ಅಥವಾ 192.168.0.1 ಅಂತ ಒಂದು ವಿಳಾಸ, ಒಂದು ಯೂಸರ್ ನೇಮ್, ಒಂದು ಪಾಸ್‌ವರ್ಡ್ ಇರುತ್ತದೆ. ಫೋನನ್ನು ಅದೇ ವೈಫೈಗೆ ಸೇರಿಸಿ, ಬ್ರೌಸರ್‌ನಲ್ಲಿ ಆ ವಿಳಾಸ ಹೊಡೆದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಬದಲಾಯಿಸುವ ಮುಂಚೆ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ರೀಡರ್ ಸೇರುತ್ತದೆಯೇ ನೋಡಿ, ಆಮೇಲೆ ಮುಂದಿನದು. ಐದನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಅನ್ನುವುದೇ ತಿಳಿಯುವುದಿಲ್ಲ.

ಅಷ್ಟೆಲ್ಲ ಮಾಡುವ ಮುಂಚೆ ಮನೆಯಲ್ಲೇ ಬೇಗ ಮಾಡಿ ನೋಡುವಂಥದ್ದು ಏನಾದರೂ ಇದೆಯಾ?

ಇದೆ. ಪರದೆಯ ಮೇಲಿನಿಂದ ಬೆರಳು ಕೆಳಗೆ ಎಳೆಯಿರಿ. ಏರೋಪ್ಲೇನ್ ಮೋಡ್ ಆನ್ ಆಗಿದೆಯೇ ನೋಡಿ. ಆನ್ ಇದ್ದರೆ ಆಫ್ ಮಾಡಿ. ಆಫ್ ಇದ್ದರೂ ಒಮ್ಮೆ ಆನ್ ಮಾಡಿ, ಹತ್ತು ಎಣಿಸಿ, ಮತ್ತೆ ಆಫ್ ಮಾಡಿ. ಮಕ್ಕಳು ಅಥವಾ ಮೊಮ್ಮಕ್ಕಳು ಇರುವ ಮನೆಯಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಆಗಲಿಲ್ಲವೇ? ಬ್ಯಾಟರಿ ತೀರಾ ಕಡಿಮೆ ಇದ್ದರೆ ಒಂದು ಗಂಟೆ ಚಾರ್ಜ್‌ಗೆ ಇಡಿ. ಆಮೇಲೆ ಪವರ್ ಬಟನ್ ಅನ್ನು ಪೂರ್ತಿ 40 ಸೆಕೆಂಡ್ ಒತ್ತಿ ಹಿಡಿಯಿರಿ. ನಡುವೆ ಪರದೆ ಮೇಲೆ ಏನೋ ಪ್ರಶ್ನೆ ಬರುತ್ತದೆ, ಬೆರಳು ತೆಗೆಯಬೇಡಿ. 40 ಎಣಿಸಿಯೇ ಬಿಡಿ. ರೀಡರ್ ಪೂರ್ತಿ ಹೊಸದಾಗಿ ಏಳುತ್ತದೆ. ಪುಸ್ತಕ ಒಂದೂ ಹೋಗುವುದಿಲ್ಲ. ಇದು ರೀಸೆಟ್ ಅಲ್ಲ, ರೀಸ್ಟಾರ್ಟ್. ಈ ಎರಡರ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಕೆಳಗೆ ಹೇಳಿದ್ದೇನೆ, ದಯವಿಟ್ಟು ಓದಿ.

ಜೊತೆಗೆ ರೂಟರ್‌ನ ಸ್ವಿಚ್ ಆರಿಸಿ, ಒಂದು ನಿಮಿಷ ಬಿಟ್ಟು ಹಾಕಿ. ದೀಪಗಳೆಲ್ಲ ನೆಲೆಗೊಳ್ಳಲು ಎರಡು ಮೂರು ನಿಮಿಷ ಕಾಯಿರಿ.

ಪಟ್ಟಿಯಲ್ಲಿ ಪಕ್ಕದ ಮನೆಯ ವೈಫೈ ಕಾಣುತ್ತದೆ, ನಮ್ಮದು ಕಾಣುವುದಿಲ್ಲ. ಯಾಕೆ?

ಪಕ್ಕದವರದು ಕಾಣುತ್ತಿದೆ ಅಂದರೆ ನಿಮ್ಮ ರೀಡರ್‌ನ ವೈಫೈ ಚೆನ್ನಾಗಿದೆ, ಮೊದಲು ಆ ಚಿಂತೆ ಬಿಡಿ. ನಿಮ್ಮ ರೂಟರ್‌ನಲ್ಲಿ 2.4 ಆಫ್ ಆಗಿರಬಹುದು. ಹೆಸರು ಮುಚ್ಚಿಟ್ಟಿರಬಹುದು, ಹಾಗಿದ್ದರೆ ಪಟ್ಟಿಯ ಕೊನೆಯಲ್ಲಿ 'ಅದರ್' ಒತ್ತಿ ಹೆಸರನ್ನು ಕೈಯಿಂದ ಹೊಡೆಯಬೇಕು.

ಮೂರನೆಯ ಕಾರಣ ಹಲವರಿಗೆ ಗೊತ್ತಿರುವುದಿಲ್ಲ. 2.4ರ ಅಲೆಯಲ್ಲಿ ಚಾನೆಲ್‌ಗಳಿವೆ. ನಮ್ಮ ದೇಶದಲ್ಲಿ 1ರಿಂದ 13ರವರೆಗೆ ಬಳಸಬಹುದು. ಅಮೆರಿಕದಲ್ಲಿ ಸಾಮಾನ್ಯವಾಗಿ 11ರವರೆಗೆ ಮಾತ್ರ. ನಮ್ಮ ಕಡೆ ಎಷ್ಟೋ ರೀಡರ್‌ಗಳು ಅಮೆರಿಕದಲ್ಲಿರುವ ಮಗನೋ ಮಗಳೋ ತಂದುಕೊಟ್ಟವು, ಅಲ್ವಾ? ರೂಟರ್ ತನ್ನಷ್ಟಕ್ಕೆ 12 ಅಥವಾ 13ನೇ ಚಾನೆಲ್‌ಗೆ ಹೋಯಿತು ಅಂದರೆ ಆ ರೀಡರ್‌ಗೆ ಮನೆಯ ವೈಫೈ ಮಾಯ. ಮರುದಿನ ರೂಟರ್ 6ಕ್ಕೆ ಬಂದರೆ ಮತ್ತೆ ಪ್ರತ್ಯಕ್ಷ. "ಒಮ್ಮೆ ಹತ್ತತೈತಿ, ಒಮ್ಮೆ ಹತ್ತಂಗಿಲ್ಲ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಚಾನೆಲ್ ಆಟೋ ಇದೆಯಾ ಅಂತ. ಅದನ್ನು 1, 6, 11ರಲ್ಲಿ ಒಂದಕ್ಕೆ ಗಟ್ಟಿ ಮಾಡಿಬಿಡಿ. ಈ ಮೂರನ್ನೇ ಹೇಳಲು ಕಾರಣ, ಅವು ಒಂದರ ಮೇಲೊಂದು ಬೀಳುವುದಿಲ್ಲ.

ಪಾಸ್‌ವರ್ಡ್ ಸರಿಯಾಗಿಯೇ ಹಾಕುತ್ತಿದ್ದೇನೆ. ಆದರೂ ಸೇರುವುದಿಲ್ಲ.

ಹಳೆಯ ಪಾಸ್‌ವರ್ಡ್ ನೆನಪಿಟ್ಟುಕೊಂಡು ಅದನ್ನೇ ಕೊಡುತ್ತಿರಬಹುದು. ವೈಫೈ ಹೆಸರಿನ ಮೇಲೆ ಬೆರಳು ಒತ್ತಿ ಹಿಡಿದು 'ಫರ್ಗೆಟ್' ಮಾಡಿ, ಹೊಸದಾಗಿ ಹಾಕಿ. ರೀಡರ್‌ನ ಕೀಬೋರ್ಡ್ ನಿಧಾನ. ಬೇಗ ಬೇಗ ಒತ್ತಿದರೆ ಒಂದು ಅಕ್ಷರ ಬಿಟ್ಟುಹೋಗುತ್ತದೆ. ಪಾಸ್‌ವರ್ಡ್ ಕಾಣುವಂತೆ ಮಾಡುವ ಗುರುತು ಇದ್ದರೆ ಒತ್ತಿಕೊಂಡು, ಸೊನ್ನೆ ಯಾವುದು, ಇಂಗ್ಲಿಷ್ ಓ ಯಾವುದು ನೋಡಿ ಹಾಕಿ.

ಪಾಸ್‌ವರ್ಡ್ ನಿಜಕ್ಕೂ ಸರಿ ಇದ್ದರೆ ಡಬ್ಲ್ಯುಪಿಎ3 ಕಡೆ ನೋಡಬೇಕು. ಇದು ವೈಫೈನ ಹೊಸ ಬೀಗ. ಹಳೆಯ ರೀಡರ್‌ಗಳ ಹತ್ತಿರ ಇದರ ಕೀಲಿ ಇಲ್ಲ. ರೂಟರ್‌ನಲ್ಲಿ ಡಬ್ಲ್ಯುಪಿಎ2, ಅಥವಾ 2 ಮತ್ತು 3 ಎರಡೂ ಸೇರಿದ ಆಯ್ಕೆ ಇಡಿ. ಎರಡೂ ಸೇರಿದ್ದರಲ್ಲಿ ಕೆಲವು ರೀಡರ್ ಮುನಿಸಿಕೊಳ್ಳುತ್ತವೆ. ಆಗ ಬರೀ 2 ಇಡಿ. ಪಾಸ್‌ವರ್ಡ್ ಇಲ್ಲದೆ ತೆರೆದಿಡುವುದು ಮಾತ್ರ ಬೇಡವೇ ಬೇಡ.

ಕೆಲವರು ಹೊರಗಿನವರು ಬಳಸದಿರಲಿ ಅಂತ ರೂಟರ್‌ನಲ್ಲಿ ಮ್ಯಾಕ್ ಫಿಲ್ಟರ್ ಹಾಕಿರುತ್ತಾರೆ. ಮ್ಯಾಕ್ ಅಡ್ರೆಸ್ ಅಂದರೆ ಪ್ರತಿ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ, ಪಟ್ಟಿಯಲ್ಲಿ ಇದ್ದವಕ್ಕೆ ಮಾತ್ರ ರೂಟರ್ ಬಾಗಿಲು ತೆರೆಯುತ್ತದೆ. ಹಾಗಿದ್ದರೆ ರೀಡರ್‌ನ ಸೆಟ್ಟಿಂಗ್ಸ್, ಡಿವೈಸ್ ಆಪ್ಶನ್ಸ್, ಡಿವೈಸ್ ಇನ್ಫೋದಲ್ಲಿ ವೈಫೈ ಮ್ಯಾಕ್ ಅಡ್ರೆಸ್ ಇದೆ. ಅದನ್ನು ರೂಟರ್‌ನ ಪಟ್ಟಿಗೆ ಸೇರಿಸಿ.

ವೈಫೈ ಗುರುತು ಬಂದಿದೆ. ಪುಸ್ತಕ ಮಾತ್ರ ಇಳಿಯುತ್ತಿಲ್ಲ.

ಮೊದಲು ಗಡಿಯಾರ ನೋಡಿ. ತಮಾಷೆ ಅಲ್ಲ. ರೀಡರ್ ತಿಂಗಳುಗಟ್ಟಲೆ ಬ್ಯಾಟರಿ ಸತ್ತು ಕಪಾಟಿನಲ್ಲಿ ಬಿದ್ದಿದ್ದರೆ ದಿನ, ಸಮಯ ಹಿಂದೆ ಹೋಗಿರುತ್ತದೆ. ಪುಸ್ತಕದಂಗಡಿಯ ಸರ್ವರ್ ತನ್ನ ಗುರುತಿನ ಪತ್ರ ತೋರಿಸಿದಾಗ, ಅದು ಇನ್ನೂ ಜಾರಿಗೇ ಬಂದಿಲ್ಲ ಅಂತ ರೀಡರ್ ಅಂದುಕೊಂಡು ಮಾತೇ ಬೇಡ ಅನ್ನುತ್ತದೆ. ಸಮಯ ಸರಿ ಮಾಡಿದರೆ ಕೆಲವೊಮ್ಮೆ ಅಷ್ಟಕ್ಕೇ ಎಲ್ಲ ಸರಿಯಾಗುತ್ತದೆ. ಹಾವೇರಿಯ ಒಬ್ಬ ಮಾಸ್ತರರ ರೀಡರ್ ಹೀಗೆ ಫೋನಿನ ಮೇಲೆಯೇ ಸರಿಯಾಯಿತು.

ಆಮೇಲೆ ಮೆನುವಿನಲ್ಲಿ 'ಸಿಂಕ್' ಒತ್ತಿ. ಜಾಗ ತುಂಬಿದೆಯೇ ನೋಡಿ. ನಿಮ್ಮ ಅಕೌಂಟ್ ರೀಡರ್‌ನಲ್ಲಿ ಇನ್ನೂ ಇದೆಯೇ ನೋಡಿ, ಪಾಸ್‌ವರ್ಡ್ ಬದಲಿಸಿದ್ದರೆ ಅಲ್ಲಿ ಮತ್ತೆ ಲಾಗಿನ್ ಆಗಬೇಕಾಗಬಹುದು. ಮನೆಯಲ್ಲಿ ಜಾಹೀರಾತು ತಡೆಯುವ ಡಿಎನ್‌ಎಸ್ (ವೆಬ್ ಹೆಸರಿನಿಂದ ಸರ್ವರ್‌ನ ವಿಳಾಸ ಹುಡುಕಿಕೊಡುವ ಸೇವೆ) ಹಾಕಿಕೊಂಡಿದ್ದರೆ ಸ್ವಲ್ಪ ಹೊತ್ತು ಅದನ್ನು ತೆಗೆದು ನೋಡಿ. ರೀಡರ್ ತನ್ನ ಕಂಪನಿಯ ಸರ್ವರ್ ಮುಟ್ಟಿ "ನೆಟ್ ಇದೆ" ಅಂತ ಖಾತ್ರಿ ಮಾಡಿಕೊಳ್ಳುತ್ತದೆ. ಆ ದಾರಿ ಮುಚ್ಚಿದ್ದರೆ ನೆಟ್ ಇದ್ದೂ ಇಲ್ಲ ಅನ್ನುತ್ತದೆ.

ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಬಹುದಾ?

ಖಂಡಿತ. ನನ್ನ ಮಟ್ಟಿಗೆ ಇದು ಅತಿ ಒಳ್ಳೆಯ ಪರೀಕ್ಷೆಯೂ ಹೌದು. ಹಾಟ್‌ಸ್ಪಾಟ್‌ಗೆ ಸೇರಿದರೆ ರೀಡರ್ ಗಟ್ಟಿಯಾಗಿದೆ, ರೂಟರ್ ಕಡೆ ನೋಡಬೇಕು. ಹಾಟ್‌ಸ್ಪಾಟ್‌ಗೂ ಸೇರದಿದ್ದರೆ ರೀಡರ್ ಕಡೆ ನೋಡಬೇಕು. ಅರ್ಧ ಊಹೆ ಅಲ್ಲಿಗೇ ಕಡಿಮೆಯಾಗುತ್ತದೆ.

ಆದರೆ ಇಲ್ಲೂ ಅದೇ 2.4 ಮತ್ತು 5ರ ಕಥೆ. ಆಂಡ್ರಾಯ್ಡ್ ಫೋನಿನಲ್ಲಿ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್ ತೆರೆದು ಬ್ಯಾಂಡ್ 2.4 ಆರಿಸಿ. ಐಫೋನ್ 12 ಮತ್ತು ಆಮೇಲಿನವುಗಳಲ್ಲಿ 'ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ' ಅನ್ನುವುದನ್ನು ಆನ್ ಮಾಡಿ. ಅದು ಮಾಡುವುದೂ ಇದನ್ನೇ, 2.4ಕ್ಕೆ ಇಳಿಸುತ್ತದೆ. ಸೇರುವವರೆಗೆ ಫೋನಿನ ಹಾಟ್‌ಸ್ಪಾಟ್ ಪುಟ ತೆರೆದೇ ಇರಲಿ.

ಡೇಟಾ ಖರ್ಚಿನ ಬಗ್ಗೆ ಹೆದರಬೇಡಿ. ಬರೀ ಅಕ್ಷರಗಳ ಕಾದಂಬರಿ ಒಂದಕ್ಕೆ ಸಾಮಾನ್ಯವಾಗಿ ಒಂದೆರಡು ಎಂಬಿ. ವಾಟ್ಸಾಪ್‌ನಲ್ಲಿ ಬರುವ ಒಂದು ವಿಡಿಯೋ ಅದಕ್ಕಿಂತ ಜಾಸ್ತಿ ತಿನ್ನುತ್ತದೆ.

ವೈಫೈಗೆ ಕನ್ನಡದಲ್ಲಿ ಹೆಸರು ಇಟ್ಟಿದ್ದೇವೆ. ಅದರಿಂದ ತೊಂದರೆ ಆಗುತ್ತದಾ?

ಈ ಪ್ರಶ್ನೆ ಕೇಳಿದವರು ಗದಗಿನ ಒಬ್ಬ ಹುಡುಗ. ಮನೆಯ ವೈಫೈಗೆ ಕನ್ನಡ ಹೆಸರು ಇಡುವವರನ್ನು ಕಂಡರೆ ನನಗೆ ಪ್ರೀತಿ. ಆದರೆ ಇಲ್ಲಿ ಒಂದು ಲೆಕ್ಕ ಇದೆ. ವೈಫೈ ಹೆಸರಿಗೆ ಸಿಗುವ ಜಾಗ 32 ಬೈಟ್. ಇಂಗ್ಲಿಷ್ ಅಕ್ಷರ ಒಂದಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಅಕ್ಷರಕ್ಕೆ, ಒಂದೊಂದು ಗುಣಿತದ ಗುರುತಿಗೆ, ಒತ್ತಿಗೆ ಸೇರಿಸುವ ಅರ್ಧಾಕ್ಷರದ ಗುರುತಿಗೂ ಮೂರು ಮೂರು ಬೈಟ್ ಬೇಕು. 'ಮನೆ ವೈಫೈ' ಅಂದರೆ 22 ಬೈಟ್, ಹಿಡಿಯುತ್ತದೆ. 'ನಮ್ಮ ಮನೆ ವೈಫೈ' ಅಂದರೆ 35, ಹಿಡಿಯುವುದಿಲ್ಲ. ಹಿಡಿದರೂ ಹಳೆಯ ರೀಡರ್‌ಗಳಲ್ಲಿ ಹೆಸರು ಚೌಕ ಚೌಕವಾಗಿ ಕಾಣಬಹುದು, ಸೇರುವಾಗ ತೊಡರಬಹುದು. 5ಕ್ಕೆ ಚೆಂದದ ಕನ್ನಡ ಹೆಸರು ಇಟ್ಟುಕೊಳ್ಳಿ. ರೀಡರ್ ಬಳಸುವ 2.4ಕ್ಕೆ ಇಂಗ್ಲಿಷ್ ಅಕ್ಷರದ ಚಿಕ್ಕ ಹೆಸರು ಇರಲಿ, ಇಮೋಜಿ ಬೇಡ.

ನಮ್ಮದು ಹಳೆಯ ಮನೆ. ಪಡಸಾಲೆಯಲ್ಲಿ ಸಿಗುತ್ತದೆ, ಒಳಗಿನ ಕೋಣೆಯಲ್ಲಿ ಸಿಗುವುದಿಲ್ಲ.

ಧಾರವಾಡದ ಹಳೆಯ ಮನೆಗಳ ಗೋಡೆ ಗೊತ್ತಲ್ಲ, ಕಲ್ಲು ಮಣ್ಣಿನವು, ಕಿಟಕಿ ಕಟ್ಟೆಯ ಮೇಲೆ ಒಬ್ಬರು ಕೂರಬಹುದು ಅನ್ನುವಷ್ಟು ದಪ್ಪ. ಬೇಸಿಗೆಗೆ ಅಂಥ ತಂಪು ಬೇರೆ ಎಲ್ಲೂ ಇಲ್ಲ. ಆದರೆ ಆ ದಪ್ಪ ವೈಫೈಗೆ ಕಷ್ಟ. ರೀಡರ್‌ನ ಆಂಟೆನಾ ಫೋನಿನಷ್ಟು ಚುರುಕೂ ಅಲ್ಲ. ರೂಟರ್ ಅನ್ನು ಟಿವಿಯ ಹಿಂದೆ, ಕಬ್ಬಿಣದ ತಿಜೋರಿಯ ಮೇಲೆ, ಫ್ರಿಜ್ ಪಕ್ಕ ಇಡಬೇಡಿ. ಮನೆಯ ನಡುವೆ, ಎದೆಮಟ್ಟಕ್ಕಿಂತ ಮೇಲೆ, ಬಾಗಿಲುಗಳು ಒಂದೇ ಸಾಲಿನಲ್ಲಿ ಬರುವ ಕಡೆ ಇಡಿ. ಅಲೆಗೆ ಬಾಗಿಲು ಒಳ್ಳೆಯ ದಾರಿ. ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ 2.4ರ ಆಸುಪಾಸಿನಲ್ಲೇ. ಅದು ಓಡುವಾಗ ಅಡುಗೆಮನೆ ಪಕ್ಕದಲ್ಲಿ ಪುಸ್ತಕ ಇಳಿಸಲು ಹೋಗಬೇಡಿ.

ಇನ್ನೂ ಒಂದು. ಒಳಗಿನ ಕೋಣೆಯಲ್ಲಿ ಓದಲು ವೈಫೈ ಬೇಕಾಗಿಯೇ ಇಲ್ಲ. ಪಡಸಾಲೆಯಲ್ಲಿ ಪುಸ್ತಕ ಇಳಿಸಿಕೊಂಡು ಒಳಗೆ ಹೋಗಿ ಓದಿ.

ಕರೆಂಟ್ ಹೋಗಿ ಬಂದ ಮೇಲೆ ರೀಡರ್ ಸೇರುವುದೇ ಇಲ್ಲ.

ಕರೆಂಟ್ ಬಂದ ಕೂಡಲೇ ರೂಟರ್ ವೈಫೈ ಹೆಸರು ಬಿಡುತ್ತದೆ, ನೆಟ್ ಮಾತ್ರ ಎರಡು ಮೂರು ನಿಮಿಷ ತಡವಾಗಿ ಬರುತ್ತದೆ. ಅಷ್ಟರಲ್ಲಿ ರೀಡರ್ ಸೇರಿ, ನೆಟ್ ಕಾಣದೆ, ಕೈಬಿಟ್ಟು ಕೂತಿರುತ್ತದೆ. ಐದು ನಿಮಿಷ ಬಿಟ್ಟು ಏರೋಪ್ಲೇನ್ ಮೋಡ್ ಆನ್-ಆಫ್ ಮಾಡಿ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಹೋಗುವ ಕಡೆ ರೂಟರ್‌ಗೆ ಚಿಕ್ಕ ಯುಪಿಎಸ್ ಹಾಕಿಸಿ. ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿಕೊಂಡೇ ತನ್ನಿ.

ಹುಬ್ಬಳ್ಳಿ ಸ್ಟೇಶನ್‌ನ ವೈಫೈಗೆ ಸೇರಿಸಬಹುದಾ? ಹಾಸ್ಟೆಲ್‌ನಲ್ಲಿ?

ಸ್ಟೇಶನ್‌ನಲ್ಲಿ ರೈಲ್ವೆಯ ಕಂಪನಿ ರೈಲ್‌ಟೆಲ್‌ನವರ ರೈಲ್‌ವೈರ್ ಅನ್ನುವ ವೈಫೈ ಇದೆ. ದಿನಕ್ಕೆ ಮೊದಲ 30 ನಿಮಿಷ ಉಚಿತ. ಅದು ಸೇರಿದ ಮೇಲೆ ಒಂದು ಪುಟ ತೆರೆದು ಮೊಬೈಲ್ ನಂಬರ್ ಮತ್ತು ಒಟಿಪಿ ಕೇಳುತ್ತದೆ. ರೀಡರ್‌ನಲ್ಲಿ ಆ ಪುಟ ಕೆಲವೊಮ್ಮೆ ತಾನೇ ತೆರೆಯುತ್ತದೆ, ಕೆಲವೊಮ್ಮೆ ಇಲ್ಲ. ತೆರೆಯದಿದ್ದರೆ ರೀಡರ್‌ನ ಬ್ರೌಸರ್ ತೆರೆದು ಯಾವುದಾದರೂ ಪುಟಕ್ಕೆ ಹೋಗಲು ನೋಡಿ, ಲಾಗಿನ್ ಪುಟ ಬರಬಹುದು. ಆದರೆ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಅದು, ಜಗತ್ತಿನಲ್ಲೇ ಉದ್ದದ್ದು. ನೀವು ನಿಂತ ಜಾಗದಲ್ಲಿ ಸಿಗ್ನಲ್ ಹೇಗಿರುತ್ತದೋ. ಗಾಡಿ ಬರುವ ಹೊತ್ತಿನಲ್ಲಿ ಬ್ಯಾಗು ನೋಡಿಕೊಳ್ಳುವುದು ಬಿಟ್ಟು ಒಟಿಪಿ ಹೊಡೆಯುತ್ತಾ ನಿಲ್ಲಬೇಡಿ. ಮನೆಯಲ್ಲೇ ಪುಸ್ತಕ ಇಳಿಸಿಕೊಂಡು ಹೊರಡಿ, ಇಲ್ಲಾ ಫೋನಿನ ಹಾಟ್‌ಸ್ಪಾಟ್ ಬಳಸಿ.

ಹಾಸ್ಟೆಲ್, ಕಾಲೇಜುಗಳದ್ದು ಬೇರೆ ತೊಡಕು. ಅಲ್ಲಿ ವೈಫೈಗೆ ಬರೀ ಪಾಸ್‌ವರ್ಡ್ ಅಲ್ಲ, ಪ್ರತಿಯೊಬ್ಬರಿಗೂ ಬೇರೆ ಯೂಸರ್ ನೇಮ್ ಇರುತ್ತದೆ. ಇದನ್ನು ಎಂಟರ್‌ಪ್ರೈಸ್ ವೈಫೈ ಅನ್ನುತ್ತಾರೆ. ಕಿಂಡಲ್ ಇದಕ್ಕೆ ಸೇರುವುದಿಲ್ಲ. ಎಷ್ಟು ಗುದ್ದಾಡಿದರೂ ಪ್ರಯೋಜನ ಇಲ್ಲ. ನಿಮ್ಮ ಕ್ಯಾಂಪಸ್‌ನ ಕಂಪ್ಯೂಟರ್ ವಿಭಾಗದವರಿಗೆ ರೀಡರ್‌ನ ಮ್ಯಾಕ್ ಅಡ್ರೆಸ್ ಕೊಟ್ಟು, ಬೇರೆ ದಾರಿ ಇದೆಯೇ ಕೇಳಿ.

ಹತ್ತು ಹನ್ನೆರಡು ವರ್ಷದ ಹಳೆಯ ಕಿಂಡಲ್. ಇನ್ನು ಬಿಸಾಡಬೇಕಾ?

ಬಿಸಾಡಬೇಡಿ. ಕೆಲವು ವಿಷಯ ತಿಳಿದುಕೊಳ್ಳಿ ಸಾಕು.

3ಜಿ ಇದ್ದ ಹಳೆಯ ಕಿಂಡಲ್ ಆಗಿದ್ದರೆ ಆ 3ಜಿ ಮರೆತುಬಿಡಿ, ವೈಫೈ ಇದ್ದರೆ ಅದೇ ಗತಿ. 2012 ಮತ್ತು ಅದಕ್ಕಿಂತ ಹಿಂದಿನ ಕಿಂಡಲ್‌ಗಳಿಗೆ 2016ರ ಮಾರ್ಚ್ 22ರೊಳಗೆ ಒಂದು ಅಪ್‌ಡೇಟ್ ಹಾಕಿಕೊಳ್ಳಲು ಅಮೆಜಾನ್ ಹೇಳಿತ್ತು. ಹಾಕಿಕೊಳ್ಳದೆ ಉಳಿದವು ವೈಫೈಗೆ ಸೇರಿದರೂ ಪುಸ್ತಕದಂಗಡಿಗೆ ಸೇರುವುದಿಲ್ಲ. ಅಂಥದ್ದಕ್ಕೆ ಅಪ್‌ಡೇಟ್ ಫೈಲ್ ಅನ್ನು ಕಂಪ್ಯೂಟರ್‌ನಲ್ಲಿ ಇಳಿಸಿಕೊಂಡು, ಕೇಬಲ್ ಮೂಲಕ ರೀಡರ್‌ಗೆ ಹಾಕಿ, ಸೆಟ್ಟಿಂಗ್ಸ್‌ನ ಮೆನುವಿನಲ್ಲಿ 'ಅಪ್‌ಡೇಟ್ ಯುವರ್ ಕಿಂಡಲ್' ಒತ್ತಬೇಕು. ಫೈಲ್ ನಿಮ್ಮ ಮಾಡೆಲ್‌ನದ್ದೇ ಆಗಿರಬೇಕು. 2022ರ ಆಗಸ್ಟ್‌ನಿಂದ ತೀರಾ ಹಳೆಯ ಕೆಲವು ಮಾಡೆಲ್‌ಗಳಲ್ಲಿ ರೀಡರ್ ಮೇಲೆಯೇ ಪುಸ್ತಕ ಕೊಳ್ಳುವ ಅಂಗಡಿ ಮುಚ್ಚಿದೆ. ಹಾಗಾಗಿ ಅಂಗಡಿ ತೆರೆಯದಿದ್ದರೆ ಅದು ನಿಮ್ಮ ವೈಫೈ ತಪ್ಪು ಆಗಿರಲಿಕ್ಕಿಲ್ಲ.

ವೈಫೈ ಪೂರ್ತಿ ಸತ್ತರೂ ಕೇಬಲ್‌ನಿಂದ ಪುಸ್ತಕ ಹಾಕಿ ಓದಬಹುದು. ಕೇಬಲ್ ಮಾತ್ರ ಡೇಟಾ ಹೋಗುವಂಥದ್ದು ಬೇಕು. ಮನೆಯಲ್ಲಿ ಬಿದ್ದಿರುವ ಕೇಬಲ್‌ಗಳಲ್ಲಿ ಎಷ್ಟೋ ಬರೀ ಚಾರ್ಜ್ ಮಾಡುತ್ತವೆ. ಅವನ್ನು ಹಾಕಿ ಕಂಪ್ಯೂಟರ್‌ನಲ್ಲಿ ಏನೂ ಕಾಣದೆ ರೀಡರ್ ಕೆಟ್ಟಿತು ಅಂದುಕೊಂಡವರನ್ನು ನೋಡಿದ್ದೇನೆ. ಇನ್ನೊಂದು ಬದಲಾವಣೆ: ಅಮೆಜಾನ್‌ನಲ್ಲಿ ಕೊಂಡ ಪುಸ್ತಕವನ್ನು ಕಂಪ್ಯೂಟರ್‌ಗೆ ಇಳಿಸಿ ಕೇಬಲ್‌ನಿಂದ ಹಾಕುವ ಸೌಲಭ್ಯ 2025ರ ಫೆಬ್ರುವರಿ 26ಕ್ಕೆ ನಿಂತಿತು. ಕೇಬಲ್ ದಾರಿ ಈಗ ಬೇರೆ ಕಡೆಯಿಂದ ಪಡೆದ ಪುಸ್ತಕಗಳಿಗೆ ಮಾತ್ರ.

ಕನ್ನಡ ಪುಸ್ತಕ ಇಳಿಯಲು ತುಂಬಾ ಹೊತ್ತು ಹಿಡಿಯುತ್ತದೆ. ವೈಫೈ ನಿಧಾನವೇ?

ವೈಫೈ ಅಲ್ಲ, ಫೈಲ್ ದೊಡ್ಡದು. ನಮ್ಮಲ್ಲಿ ಓಡಾಡುವ ಹಳೆಯ ಕನ್ನಡ ಪುಸ್ತಕಗಳು ಹೆಚ್ಚಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್. ಪ್ರತಿ ಪುಟವೂ ಒಂದು ಚಿತ್ರ. ಹತ್ತಾರು ಎಂಬಿ, ಕೆಲವು ನೂರು ದಾಟುತ್ತವೆ. ಇಳಿದರೂ ಅಕ್ಷರ ದೊಡ್ಡದು ಮಾಡಲು ಬರುವುದಿಲ್ಲ, ಪುಟವನ್ನೇ ಎಳೆದು ಎಳೆದು ನೋಡಬೇಕು. ಕಣ್ಣು ಮಂಜಾದವರಿಗೆ ಇದರಿಂದ ಉಪಯೋಗ ಕಡಿಮೆ.

ಇ-ಪಬ್, ಅಂದರೆ ಅಕ್ಷರ ದೊಡ್ಡದು ಮಾಡಿಕೊಳ್ಳಬಹುದಾದ ಪುಸ್ತಕದ ಫೈಲ್, ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಕನ್ನಡ ವಿಕಿಸೋರ್ಸ್‌ನಲ್ಲಿ ಕಾಪಿರೈಟ್ ಮುಗಿದ, ಅಥವಾ ಮುಕ್ತವಾಗಿ ಕೊಟ್ಟ ಪುಸ್ತಕಗಳನ್ನು ಸ್ವಯಂಸೇವಕರು ಕೂತು ಟೈಪ್ ಮಾಡಿ ತಿದ್ದಿದ್ದಾರೆ. ಅಲ್ಲಿಂದ ಇ-ಪಬ್ ಆಗಿ ಇಳಿಸಿಕೊಳ್ಳಬಹುದು. ಆ ಕೆಲಸ ಮಾಡಿದವರಿಗೆ ನಾನು ಮನಸಾರೆ ಋಣಿ. ಅವ್ವ ಓದಿದ ಮೊದಲ ಇ-ಪಬ್ ಅಲ್ಲಿಂದಲೇ ಬಂದದ್ದು.

ವೈಫೈ ಯಾವಾಗಲೂ ಆನ್ ಇಡಬೇಕಾ?

ಬೇಡ. ರೀಡರ್‌ನ ಕಾಗದದಂಥ ಇ-ಇಂಕ್ ಪರದೆ ಪುಟ ತಿರುವಿದಾಗ ಮಾತ್ರ ಕರೆಂಟ್ ತಿನ್ನುತ್ತದೆ. ವಾರಗಟ್ಟಲೆ ಬ್ಯಾಟರಿ ಬರುತ್ತದೆ ಅಂತ ಡಬ್ಬಿಯ ಮೇಲೆ ಬರೆದ ಲೆಕ್ಕವೂ ವೈಫೈ ಆಫ್ ಇಟ್ಟೇ ಮಾಡಿದ್ದು. ಪುಸ್ತಕ ಬೇಕಾದಾಗ ಆನ್ ಮಾಡಿ.

ಫ್ಯಾಕ್ಟರಿ ರೀಸೆಟ್ ಮಾಡಿಬಿಡಲೇ?

ನಿಲ್ಲಿ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಮನೆಗೆ ಹೊಸ ರೂಟರ್ ಬಂದ ವಾರ ಅವ್ವನ ರೀಡರ್ ವೈಫೈ ಬಿಟ್ಟಿತು. ಯಾರೋ ಹೇಳಿದರು ಅಂತ ನಾನು ಮೊದಲ ದಿನವೇ ರೀಸೆಟ್ ಮಾಡಿದೆ. ವೈಫೈ ಆಗಲೂ ಹತ್ತಲಿಲ್ಲ. ಯಾಕೆಂದರೆ ತಪ್ಪು ರೀಡರ್‌ನದ್ದಾಗಿರಲಿಲ್ಲ, ಹೊಸ ರೂಟರ್‌ನಲ್ಲಿ 2.4 ಆಫ್ ಇತ್ತು. ಆದರೆ ಕೇಬಲ್‌ನಿಂದ ಹಾಕಿದ್ದ ಪುಸ್ತಕಗಳೆಲ್ಲ ಹೋದವು. ಅವನ್ನು ಮತ್ತೆ ಹಾಕಬಹುದಿತ್ತು, ಹಾಕಿದೆ. ಹಿಂತಿರುಗಿ ಬಾರದಿದ್ದದ್ದು ಅವ್ವ ಎರಡು ವರ್ಷ ಗೆರೆ ಎಳೆದು ಗುರುತು ಮಾಡಿಕೊಂಡಿದ್ದ ಸಾಲುಗಳು. ಅವ್ವ ಬಯ್ಯಲಿಲ್ಲ. "ಇರ್ಲಿ ಬಿಡಪಾ, ಮತ್ತೊಮ್ಮೆ ಓದ್ತೀನಿ" ಅಂದರು. ನನಗೆ ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಅಂಗಡಿಯಲ್ಲಿ ಕೊಂಡ ಪುಸ್ತಕದ ಗುರುತುಗಳು ಅಕೌಂಟ್‌ನಲ್ಲಿ ಉಳಿಯುತ್ತವೆ. ಕೇಬಲ್‌ನಿಂದ ಹಾಕಿದವುಗಳ ಗುರುತು ಇರುವುದು ರೀಡರ್‌ನೊಳಗೆ ಮಾತ್ರ. ಅದಕ್ಕೇ ರೀಸೆಟ್ ಮಾಡಲೇಬೇಕು ಅಂದರೆ ಮೊದಲು ಕಂಪ್ಯೂಟರ್‌ಗೆ ಜೋಡಿಸಿ, 'ಡಾಕ್ಯುಮೆಂಟ್ಸ್' ಫೋಲ್ಡರ್ ಪೂರ್ತಿ ಕಾಪಿ ಮಾಡಿಕೊಳ್ಳಿ. ಅದರೊಳಗೆ 'ಮೈ ಕ್ಲಿಪಿಂಗ್ಸ್' ಅನ್ನುವ ಫೈಲ್ ಇದೆಯೇ ಕಣ್ಣಾರೆ ನೋಡಿ. ಎಳೆದ ಗೆರೆಗಳು, ಬರೆದ ಟಿಪ್ಪಣಿಗಳು ಅದರಲ್ಲಿವೆ. ಆಮೇಲೆ ರೀಸೆಟ್ ಮಾಡಿ. ಅದೂ ಮೇಲೆ ಹೇಳಿದ್ದೆಲ್ಲ ಮಾಡಿ, ಹಾಟ್‌ಸ್ಪಾಟ್ ಪರೀಕ್ಷೆಯಲ್ಲೂ ಸೋತ ಮೇಲೆ.

ರೀಸೆಟ್ ಆದ ಮೇಲೂ ಎಲ್ಲೂ ಸೇರುವುದಿಲ್ಲ. ರಿಪೇರಿ ಅಂಗಡಿಗೆ ಕೊಡಲೇ?

ಮೂರು ಬೇರೆ ಬೇರೆ ಕಡೆಯ 2.4 ವೈಫೈಯಲ್ಲಿ ನೋಡಿದಿರಾ? ಮೂರರಲ್ಲೂ ಸೇರದಿದ್ದರೆ ಒಳಗಿನ ವೈಫೈ ಚಿಪ್ಪೋ ಆಂಟೆನಾವೋ ಹೋಗಿರಬಹುದು. ಮೊದಲು ಕಂಪನಿಯ ಸಹಾಯವಾಣಿಗೆ ಹೇಳಿ, ವಾರಂಟಿ ಕೇಳಿ. ಮೊಬೈಲ್ ರಿಪೇರಿಯವರ ಹತ್ತಿರ ತೆಗೆಸುವುದು ನನಗೆ ಇಷ್ಟವಿಲ್ಲ. ಇ-ಇಂಕ್ ಪರದೆಯ ಗಾಜು ಬಹಳ ತೆಳು, ತೆಗೆಯುವಾಗ ಒಡೆದರೆ ಕೇಬಲ್‌ನಿಂದ ಓದುತ್ತಿದ್ದುದೂ ಹೋಗುತ್ತದೆ.

ಅಪ್ಪ-ಅವ್ವ ಹಳ್ಳಿಯಲ್ಲಿದ್ದಾರೆ, ನಾನು ಬೆಂಗಳೂರಿನಲ್ಲಿ. ಅವರಿಗೆ ಇದೆಲ್ಲ ಮಾಡಲು ಬರುವುದಿಲ್ಲ.

ಅವರು ಮಾಡಬೇಕಾದ್ದು ಬಹಳ ಕಡಿಮೆ. ಒಮ್ಮೆ ಊರಿಗೆ ಹೋದಾಗ ಅವರ ಫೋನಿನ ಹಾಟ್‌ಸ್ಪಾಟ್ ಅನ್ನು 2.4ಕ್ಕೆ ಇಟ್ಟು, ರೀಡರ್ ಅನ್ನು ಅದಕ್ಕೆ ಸೇರಿಸಿ ಬನ್ನಿ. ಪ್ರತಿ ಕಿಂಡಲ್‌ಗೂ ಒಂದು ಇಮೇಲ್ ವಿಳಾಸ ಇರುತ್ತದೆ, ಅದಕ್ಕೆ ಕಳಿಸಿದ ಪುಸ್ತಕ ರೀಡರ್‌ಗೆ ಬರುತ್ತದೆ. ಅಕೌಂಟ್‌ನಲ್ಲಿ ಒಪ್ಪಿಗೆ ಕೊಟ್ಟ ವಿಳಾಸಗಳ ಪಟ್ಟಿಗೆ ನಿಮ್ಮ ಇಮೇಲ್ ಸೇರಿಸಿ. ಈ ಒಂದು ಹೆಜ್ಜೆ ಮರೆತು "ಕಳಿಸಿದ್ದು ಬರಲೇ ಇಲ್ಲ" ಅನ್ನುವವರು ಬಹಳ. ಇಮೇಲ್‌ನಲ್ಲಿ 50 ಎಂಬಿವರೆಗೆ, ಸೆಂಡ್ ಟು ಕಿಂಡಲ್ ಪುಟದಿಂದ 200 ಎಂಬಿವರೆಗೆ ಕಳಿಸಬಹುದು. ಇ-ಪಬ್ ಕಳಿಸಿ, ಹಳೆಯ ಮೋಬಿ ಫೈಲ್‌ಗಳನ್ನು ಈಗ ಹೀಗೆ ಕಳಿಸಲು ಆಗುವುದಿಲ್ಲ.

ಕಳಿಸಿದ ಮೇಲೆ ಒಂದು ಫೋನ್ ಮಾಡಿ. "ಅವ್ವಾ, ಹಾಟ್‌ಸ್ಪಾಟ್ ಹಚ್ಚು. ಈಗ ಪುಸ್ತಕದ್ದು ತಗಿ. ಐದು ನಿಮಿಷ ಹಂಗ ಇಡು." ನಮ್ಮ ಅತ್ತೆ ಗದಗಿನ ಹತ್ತಿರದ ಹಳ್ಳಿಯಲ್ಲಿ ಹೀಗೆಯೇ ತಿಂಗಳಿಗೆ ಎರಡು ಪುಸ್ತಕ ಇಳಿಸಿಕೊಳ್ಳುತ್ತಾರೆ. ಒಳಗೆ ಸಿಗ್ನಲ್ ಸಿಗುವುದಿಲ್ಲ ಅಂತ ಫೋನು, ರೀಡರ್ ಎರಡನ್ನೂ ಹಿಡಿದು ಮನೆ ಮುಂದಿನ ಕಟ್ಟೆಗೆ ಬಂದು ಕೂರುತ್ತಾರೆ. ಪುಸ್ತಕದ ಹೆಸರು ಪರದೆ ಮೇಲೆ ಬಂದ ಕೂಡಲೇ ಅವರಿಂದ ಫೋನ್ ಬರುತ್ತದೆ: "ಬಂತಪಾ."